ಮೂರಲಗಿನ ಮೊನೆ

ವೆರ್ನರ್ ಕೆಸ್ಕಿಟಾಲೊ ಯಾರಿಗಾದರೂ ಬಾಣದ ಮೊನೆ ಆರಿಸಿಕೊಡುವಾಗ ಮೊದಲು ಮೊನೆಗಳ ಡಬ್ಬಿ ತೆರೆಯುತ್ತಿರಲಿಲ್ಲ. ಬಿಲ್ಲನ್ನು ಕೈಗೆ ಕೊಡು ಎನ್ನುತ್ತಿದ್ದ. ತಾನೊಮ್ಮೆ ಅರ್ಧಕ್ಕೆ ಎಳೆದು ಮೆಲ್ಲಗೆ ಹಿಂದಕ್ಕೆ ಬಿಟ್ಟು, ಆಮೇಲೆ ಬಿಲ್ಲಿನ ಒಡೆಯನಿಂದ ಪೂರ್ತಿ ಎಳೆಸಿ, ಅವನ ಭುಜ ಯಾವ ಹಂತದಲ್ಲಿ ನಡುಗಲು ತೊಡಗುತ್ತದೆ ಎಂಬುದನ್ನು ನೋಡುತ್ತ ನಿಲ್ಲುತ್ತಿದ್ದ. ರಾಟೆ, ತಂತಿ, ದುರ್ಬೀನು ಹಚ್ಚಿದ ಹೊಸ ಬಿಲ್ಲುಗಳ ಗೊಡವೆ ಅವನಿಗಿರಲಿಲ್ಲ. ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ, ತುದಿಗಳು ಬೇಟೆಗಾರನಿಂದ ಆಚೆಗೆ ಬಾಗಿರುವ ಹಳೆಯ ಬಗೆಯ ರಿಕರ್ವ್ ಬಿಲ್ಲುಗಳೇ ನಮ್ಮ ಬೇಟೆಯ ಕ್ಯಾಂಪಿನಲ್ಲಿ ಹೆಚ್ಚು. ಅಂಥ ಬಿಲ್ಲಿನಲ್ಲಿ ಬಾಣಕ್ಕೆ ಸಿಗುವ ಬಲವೆಲ್ಲ ಎಳೆದವನ ಬೆನ್ನಿನಿಂದಲೇ ಬರಬೇಕು. ಬಲ ಕಡಿಮೆಯಿದ್ದರೆ ಕಿರಿದಾದ, ಉದ್ದನೆಯ ಎರಡಲಗಿನ ಮೊನೆ; ಅದು ಚಾಕುವಿನಂತೆ ಇಳಿದು, ಪಕ್ಕೆಲುಬು ಅಡ್ಡ ಬಂದರೂ ಸೀಳಿಕೊಂಡು ಆಚೆ ಹೊರಡುತ್ತದೆ. ಬಲ ಹೆಚ್ಚಿದ್ದವನಿಗೆ ಮೂರಲಗಿನ ಅಗಲ ಮೊನೆ. ಗಾಯ ದೊಡ್ಡದು, ನೆತ್ತರು ಧಾರಾಳ, ಆದರೆ ಒಳಗೆ ಹೋಗಬೇಕಾದರೆ ಅದನ್ನು ಹಿಂದಿನಿಂದ ನೂಕುವ ಶಕ್ತಿ ಇರಬೇಕು. ವೆರ್ನರನ ಶಾಸ್ತ್ರ ಇಷ್ಟೇ ಆಗಿತ್ತು, ಮತ್ತು ಅದನ್ನು ಅವನು ಯಾರ ಮುಲಾಜಿಗೂ ಸಡಿಲಿಸಿದವನಲ್ಲ.

ಆರಿಸಿದ ಮೇಲೆ ಅರದಿಂದ ಉಜ್ಜುವುದು, ಕಲ್ಲಿಗೆ ತಿಕ್ಕುವುದು, ಕೊನೆಗೆ ಹಳೆಯ ಬೆಲ್ಟಿನ ಚರ್ಮದ ಮೇಲೆ ಸವರುವುದು. ಎರಡು ಬೆರಳಿಗೆ ರಬ್ಬರ್ ಬ್ಯಾಂಡ್ ಎಳೆದು ಹಿಡಿದು ಅದಕ್ಕೆ ಮೊನೆಯನ್ನು ತಾಗಿಸುತ್ತಿದ್ದ. ಒತ್ತಬಾರದು, ತಾಗಿದೊಡನೆ ತುಂಡಾಗಬೇಕು. ತುಂಡಾಗದಿದ್ದರೆ ಮತ್ತೆ ಅರಕ್ಕೆ.

ಸುಪೀರಿಯರ್ ಸರೋವರದ ತೆಂಕಣ ದಂಡೆಯ ಈ ಕಾಡಿನಲ್ಲಿ ಅವನು ಮೂವತ್ತು ವರ್ಷಕ್ಕೂ ಮೇಲೆ ಕೌಂಟಿ ಆಡಳಿತದ ಹಿಮ ಸರಿಸುವ ಲಾರಿ ಓಡಿಸಿದವನು. ಹಿಮಗಾಳಿಯಲ್ಲಿ ರಸ್ತೆಯ ಅಂಚು ಕಾಣದಿದ್ದಾಗ ಟೆಲಿಫೋನ್ ಕಂಬಗಳ ನಡುವಿನ ಅಂತರದಿಂದಲೇ ತಿರುವನ್ನು ಊಹಿಸಬಲ್ಲವನು ಎಂದು ಹೆಸರು. ಅಜ್ಜ ಫಿನ್‌ಲೆಂಡಿನಿಂದ ತಾಮ್ರದ ಗಣಿಗೆ ಬಂದವನು. ಮೊಮ್ಮಗನಿಗೆ ಆ ಭಾಷೆಯಲ್ಲಿ ಉಳಿದದ್ದು ಬೈಗುಳ ಮತ್ತು ಸೌನಾ ಎಂಬ ಬೆವರುಸ್ನಾನಕ್ಕೆ ಸಂಬಂಧಪಟ್ಟ ಕೆಲವು ಮಾತು. ಹೆಂಡತಿ ಐರಿಸ್ ಮಾತಿನಲ್ಲಿ ಚುರುಕು, ಅವನು ನಿಧಾನ. ಮಕ್ಕಳಿರಲಿಲ್ಲ. ಶರತ್ಕಾಲದಲ್ಲಿ ಕ್ಯಾಂಪೇ ಅವನ ಮನೆ: ಹೆಮ್ಲಾಕ್ ಮರಗಳ ನಡುವಿನ ಮರದ ಗುಡಿಸಲು, ಎಂಟು ಮಂಚ, ಒಂದು ಒಲೆ, ಹಿಂದುಗಡೆ ಸೌನಾದ ಬಿಸಿಕೋಣೆ.

ಮೊನೆ ಆರಿಸುವುದಕ್ಕಿಂತ ದೊಡ್ಡದಾಗಿ ನಾವು ಅವನನ್ನು ನಂಬಿದ್ದು ಜಾಡು ಹಿಡಿಯುವುದರಲ್ಲಿ. ಬಾಣ ತಾಗಿದ ಜಿಂಕೆ ನಿಂತಲ್ಲೇ ಬೀಳುವುದಿಲ್ಲ, ಓಡುತ್ತದೆ. ಎಲೆಯ ಮೇಲೊಂದು, ಹುಲ್ಲಿನ ಎಸಳಿಗೊಂದು ಹನಿ ಚೆಲ್ಲುತ್ತ ಹೋಗುತ್ತದೆ. ಆ ಹನಿಗಳ ಹಿಂದೆ ಬಿದ್ದು, ಪ್ರತಿ ಹನಿಯ ಬಳಿ ಟಾಯ್ಲೆಟ್ ಕಾಗದದ ಒಂದು ಚೂರು ನೇತುಹಾಕುತ್ತ, ಪ್ರಾಣಿಯನ್ನು ಮುಟ್ಟುವವರೆಗೆ ಬಿಡದೆ ನಡೆಯುವವನು ವೆರ್ನರ್. ಅದಕ್ಕೇ ಕ್ಯಾಂಪಿನಲ್ಲಿ ಅವನನ್ನು ನಾಯಿ ಎನ್ನುತ್ತಿದ್ದರು. ಅದು ನಮ್ಮಲ್ಲಿ ಬಿರುದು.

ಆ ನಾಯಿಗೆ ಕೆಂಪು ಕಾಣದಾಗಿ ಎರಡು ವರ್ಷವಾಗಿತ್ತು ಎಂಬುದು ಐರಿಸ್‌ಗಲ್ಲದೆ ಬೇರೆ ಯಾರಿಗೂ ತಿಳಿದಿರಲಿಲ್ಲ.

ಕಣ್ಣಿನ ಪೊರೆ. ಡಾಕ್ಟರು ಸಣ್ಣ ಆಪರೇಷನ್, ಬೆಳಿಗ್ಗೆ ಬಂದರೆ ಮಧ್ಯಾಹ್ನಕ್ಕೆ ಮನೆ ಎಂದಿದ್ದರು. ವೆರ್ನರ್ ಚಳಿಗಾಲ ಕಳೆಯಲಿ ಎಂದ. ಆಮೇಲೆ ಮೀನಿನ ಕಾಲ ಕಳೆಯಲಿ ಎಂದ. ಕಣ್ಣೊಳಗೆ ಚಾಕು ಎಂಬ ಮಾತು ಬಂದೊಡನೆ ಅವನು ಎದ್ದು ಹೊರಗೆ ಕಟ್ಟಿಗೆ ಜೋಡಿಸಲು ಹೋಗುತ್ತಿದ್ದ. ಅಷ್ಟರಲ್ಲಿ ಲೋಕದ ಬಣ್ಣಗಳ ಮೇಲೆ ಚಹಾದ ಡಿಕಾಕ್ಷನ್ ಚೆಲ್ಲಿದಂತಾಗಿ, ಕೆಂಪು ಕಂದಾಗಿ, ಕಂದು ಮಣ್ಣಾಗಿ, ಮೇಪಲ್ ಎಲೆ ಉದುರಿದ ನೆಲವೆಲ್ಲ ಒಂದೇ ಹಾಸಾಯಿತು. ಈ ಕತೆ ನಡೆದದ್ದಕ್ಕೆ ಹಿಂದಿನ ಶರತ್ಕಾಲದಲ್ಲಿ ಅವನು ಜಾಡು ಹಿಡಿಯುವಾಗ ಮಂಡಿಯೂರಿ, ಎಲೆಗಳನ್ನು ಬೆರಳಿನಿಂದ ಸವರಿ, ಬೆರಳನ್ನು ಬಿಳಿಯ ಕಾಗದಕ್ಕೆ ಒತ್ತಿ, ಕಾಗದವನ್ನು ಕಣ್ಣಿನ ಹತ್ತಿರ ತಂದು ನೋಡತೊಡಗಿದ್ದ. ಕಾಣದ್ದನ್ನು ಕೈಯಿಂದ ಹುಡುಕುತ್ತಿದ್ದಾನೆಂದು ಯಾರಿಗೂ ಹೊಳೆಯಲಿಲ್ಲ. ನಾವು ಅದನ್ನು ಅವನ ಹೊಸ ವಿದ್ಯೆ ಎಂದುಕೊಂಡು ತಲೆದೂಗಿದೆವು.

ಐರಿಸ್‌ಳ ತಂಗಿ ನೋರೀನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಐವತ್ತು ದಾಟಿದ ಮೇಲೆ ಬಿಲ್ಲು ಹಿಡಿದಳು. ಬಂದೂಕಿನ ಸದ್ದು ತನಗಾಗದು, ಆದರೆ ಕಾಡಿನಲ್ಲಿ ಸುಮ್ಮನೆ ಕೂರುವುದು ಇಷ್ಟ ಎನ್ನುತ್ತಿದ್ದಳು. ಎರಡು ಬೇಸಿಗೆ ಹುಲ್ಲಿನ ಕಟ್ಟಿಗೆ ಗುರಿಯಿಟ್ಟು ಕೈ ಕೂರಿಸಿಕೊಂಡು, ಆ ವರ್ಷ ಮೊದಲ ಸಲ ಬೇಟೆಗೆ ಸರ್ಕಾರ ಕೊಡುವ ಪರವಾನಗಿ ಚೀಟಿ ಪಡೆದು ಕ್ಯಾಂಪಿಗೆ ಬಂದಳು. ಬಿಲ್ಲು ಪೂರ್ತಿ ಎಳೆಯಲು ನಲವತ್ತು ಪೌಂಡ್ ಬಲ ಬೇಡುವಂಥದ್ದು, ಹಗುರ. ಜಿಂಕೆಗೆ ಸಾಕು, ಆದರೆ ಸರಿಯಾದ ಮೊನೆಯಿದ್ದರೆ ಮಾತ್ರ ಸಾಕು.

"ಎಳಿ ನೋಡಾಣ," ಅಂದ ವೆರ್ನರ್.

ಅವಳು ಎಳೆದಳು. ಭುಜ ನಡುಗಲಿಲ್ಲ. ಕೆನ್ನೆಗೆ ಬೆರಳು ತಾಗಿಸಿ ಹಿಡಿದು, ಉಸಿರು ಬಿಟ್ಟು, ಹಾಗೇ ಇಳಿಸಿದಳು.

"ಏನು, ನಿಮ್ಮೆಲ್ಲರಿಗಿಂತ ನೆಟ್ಟಗಿದೀನಾ ಇಲ್ವಾ?"

"ಲೆಸ್ಟರ್‌ಗಿಂತ ನೆಟ್ಟಗಿದೀಯ. ಅದೇನು ದೊಡ್ಡ ಮಾತಲ್ಲ ಬಿಡು."

"ಕೇಳಿಸ್ತು," ಅಂದ ಲೆಸ್ಟರ್ ಒಲೆಯ ಬಳಿಯಿಂದ. ಅವನು ಊರಿನ ಗ್ಯಾರೇಜಿನವನು, ವೆರ್ನರನ ಜೊತೆಗೆ ಶಾಲೆಗೆ ಹೋದವನು, ಅಂದಿನಿಂದ ಇಂದಿನವರೆಗೆ ಒಬ್ಬರನ್ನೊಬ್ಬರು ಕೆಣಕದೆ ಕಾಫಿ ಕುಡಿದವರಲ್ಲ. "ನಾಯಿ ಮುದಿಯಾದಷ್ಟೂ ಬೊಗಳೋದು ಜಾಸ್ತಿ ಕಣಮ್ಮ. ಮೊನೆ ಕೊಟ್ಟಮೇಲೆ ತಲೆ ಕೆಡಿಸ್ಕೋಬೇಡ."

ವೆರ್ನರ್ ಡಬ್ಬಿ ತೆರೆದ. ಒಂದು ಮಗ್ಗುಲಲ್ಲಿ ಎರಡಲಗಿನವು, ಇನ್ನೊಂದರಲ್ಲಿ ಮೂರಲಗಿನವು. ಅವನ ಕೈ ಎರಡಲಗಿನ ಕಡೆಗೆ ಹೋಯಿತು, ತನ್ನಷ್ಟಕ್ಕೆ ತಾನೇ, ಇಷ್ಟು ವರ್ಷ ಹೋದ ಹಾಗೆ. ಅಲ್ಲೇ ನಿಂತಿತು.

ಎರಡಲಗಿನ ಕಿರಿದಾದ ಗಾಯದಿಂದ ನೆತ್ತರು ಜಿನುಗುತ್ತದೆ. ಹನಿಯ ಪಕ್ಕ ಹನಿ ಹುಡುಕಬೇಕು. ಅವಳ ಮೊದಲ ಜಿಂಕೆ. ಜಾಡು ಹಿಡಿಯಲು ಅವಳು ತನ್ನನ್ನೇ ಕರೆಯುತ್ತಾಳೆ. ಎಲ್ಲರೂ ಹಿಂದೆ ಬರುತ್ತಾರೆ. ಮಂಡಿಯೂರಿ ಸವರುತ್ತ ಎಷ್ಟು ದೂರ ಹೋಗಲಾದೀತು? ಮೂರಲಗಿನ ಮೊನೆಯಾದರೆ ಹನಿಯಲ್ಲ, ಪಟ್ಟೆಯೇ ಬೀಳುತ್ತದೆ. ತನ್ನ ಕಣ್ಣಿಗೂ ಒದ್ದೆ ಮಿನುಗು ಕಂಡೀತು. ಬಾಣ ಪಕ್ಕೆಲುಬಿನ ಸಂದಿಗೆ ಬಿದ್ದರೆ ಈ ಬಿಲ್ಲಿಗೂ ಸಾಕು. ಗುರಿ ಚೆನ್ನಾಗಿಯೇ ಇದೆಯಲ್ಲ. ಇದೆಲ್ಲ ಅವನ ತಲೆಯಲ್ಲಿ ಹಾದುಹೋಗಲು ಡಬ್ಬಿಯ ಮುಚ್ಚಳ ತೆರೆದಷ್ಟು ಹೊತ್ತೂ ಹಿಡಿಯಲಿಲ್ಲ. ಮೂರಲಗಿನದನ್ನು ತೆಗೆದುಕೊಂಡ.

"ಇದಾ?" ಲೆಸ್ಟರ್ ಎದ್ದೇ ಬಂದ. "ಏನೋ ಇದು? ನಲವತ್ತಕ್ಕೆ ಇಷ್ಟಗಲದ್ದಾ? ನಾನು ಹೋದ್ಸಲ ಕೇಳಿದ್ದಕ್ಕೆ ನಿನಗೆ ಬೆನ್ನಿಲ್ಲ ಅಂತ ಬೈದೆಯಲ್ಲೋ."

"ನಿನಗೆ ಬೆನ್ನೂ ಇಲ್ಲ, ಗುರೀನೂ ಇಲ್ಲ. ಅವಳಿಗೆ ಗುರಿ ಇದೆ."

"ಗುರಿಗೂ ಅಗಲಕ್ಕೂ ಏನೋ ಸಂಬಂಧ?"

"ನೆತ್ತರು ಚೆನ್ನಾಗಿ ಬೀಳುತ್ತೆ. ಮೊದಲನೇ ಸಲದವರಿಗೆ ಜಾಡು ಸಿಗೋದು ಮುಖ್ಯ." ವೆರ್ನರ್ ತಲೆಯೆತ್ತಲಿಲ್ಲ. ಮೊನೆಯೊಳಗಿನ ಅಂಟನ್ನು ಮೇಣದ ಬತ್ತಿಗೆ ಹಿಡಿದು ಕರಗಿಸುತ್ತಿದ್ದ.

ನೋರೀನ್ ಇಬ್ಬರನ್ನೂ ನೋಡಿದಳು. "ಲೆಸ್ಟರ್, ನೀನು ಕಾರು ರಿಪೇರಿ ಮಾಡು. ಅವನು ಹೇಳಿದ್ದೇ ನನಗೆ."

ಅವನು ಅವಳ ಬಾಣಗಳಿಗೆ ಮೊನೆ ಕೂರಿಸಿ, ಅವನ್ನು ಉಗುರಿನ ಮೇಲೆ ಬುಗುರಿಯಂತೆ ತಿರುಗಿಸಿ, ಓಲಾಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಪ್ರತಿಯೊಂದನ್ನೂ ಬೇರೆ ಯಾರಿಗೂ ಮಾಡದಷ್ಟು ಹರಿತ ಮಾಡಿಕೊಟ್ಟ. ಅಷ್ಟು ಹರಿತವಿದ್ದರೆ ಸಾಕಾದೀತು ಎಂದು ಆಗ ಅಂದುಕೊಂಡೆ, ಎಂದು ಆಮೇಲೆ ಹೇಳಿದ.

ಬಿಲ್ಲಿನ ಬೇಟೆಯ ಕಾಲ ಶುರುವಾದ ಮೊದಲ ವಾರ. ಬೆಳಗಿನ ತಿಂಡಿಯ ಹೊತ್ತಿಗೆ ನೋರೀನ್ ಓಡುನಡಿಗೆಯಲ್ಲಿ ಕ್ಯಾಂಪಿಗೆ ಬಂದಳು. ಟೋಪಿ ಕೈಯಲ್ಲಿತ್ತು.

"ಹೊಡೆದೆ. ಎಳೇ ಗಂಡು. ಹತ್ತಿರ ಇತ್ತು, ಈ ಒಲೆಗೂ ಹೊರಗಿನ ಆ ಪಿಕಪ್ ಗಾಡಿಗೂ ಇರೋದಕ್ಕಿಂತ ಹತ್ತಿರ. ಆದ್ರೆ ಬಾಣ ಬಿಡೋವಾಗ ಒಂದು ಹೆಜ್ಜೆ ಹಿಂದಕ್ಕಿಟ್ಟುಬಿಡ್ತು."

"ಎಲ್ಲಿ ತಾಗ್ತು?"

"ಭುಜದ ಹಿಂದೆ ಅಂದ್ಕೊಂಡೆ. ಭುಜಕ್ಕೇ ಏನೋ. ಕಟಕ್ ಅಂತು."

ವೆರ್ನರನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಎರಡಲಗಿನ ಮೊನೆ ಭುಜದ ಆ ತೆಳು ಎಲುಬಿನ ಹಲಗೆಯನ್ನು ಸೀಳಿಕೊಂಡು ಹೋಗುತ್ತದೆ. ಮೂರಲಗಿನದಕ್ಕೆ, ಆ ಬಿಲ್ಲಿನಿಂದ, ಅದು ಗೋಡೆ.

ಗಾಯಗೊಂಡ ಪ್ರಾಣಿ ಎಲ್ಲಾದರೂ ಮಲಗಲಿ ಎಂದು ಸ್ವಲ್ಪ ಹೊತ್ತು ಕಾದು ಹೊರಟರು: ಅವನು, ನೋರೀನ್, ಹಿಂದೆ ಲೆಸ್ಟರ್. ಜಿಂಕೆ ನಿಂತಿದ್ದ ಜಾಗದಿಂದ ತುಸು ಆಚೆ ಬಾಣದ ಹಿಂಭಾಗ ಮುರಿದು ಬಿದ್ದಿತ್ತು. ಮುಂಭಾಗ, ಮೊನೆಯ ಸಮೇತ, ಪ್ರಾಣಿಯೊಳಗೇ ಉಳಿದಿತ್ತು. ಗಾಯಕ್ಕೆ ಮೊನೆಯೇ ಬಿರಡೆಯಾಗಿದೆ. ನೆತ್ತರು ಬೀಳುವುದಿಲ್ಲ. ಯಾವುದನ್ನು ಬಯಸಿ ಆ ಮೊನೆ ಆರಿಸಿದ್ದನೋ ಅದೇ ಇಲ್ಲ.

ಮೊದಲ ನಾಲ್ಕಾರು ಗುರುತನ್ನು ಗೊರಸು ನೆಲ ಕೆದರಿದ್ದರಿಂದ ಹಿಡಿದ. ಕಾಗದ ನೇತುಹಾಕಿದ. ಆಮೇಲೆ ನೆಲ ಏರಿ, ಮೇಪಲ್ ಮರಗಳ ಕೆಳಗೆ ಎಲೆಯ ಹಾಸು ದಪ್ಪವಾಯಿತು. ಮಂಡಿಯೂರಿದ. ಸವರಿದ. ಒತ್ತಿದ ಕಾಗದದ ಮೇಲೆ ಬರೀ ಇಬ್ಬನಿ.

"ನಾಯಿಗೆ ನೆಗಡಿಯಾ?" ಲೆಸ್ಟರ್ ಹಿಂದಿನಿಂದ ಕೇಳಿದ.

"ಬಾಯಿ ಮುಚ್ಕೊಂಡು ನಿಲ್ಲೋ, ಕಾಲಡಿ ನೋಡ್ಕೋ."

ನೋರೀನ್ ಎಡಕ್ಕೆ ಸರಿದು, ಕೆಳಗಿನ ಜೌಗಿನ ಕಡೆಗೆ ಇಳಿಯುವ ಜಾಗದಲ್ಲಿ ನಿಂತಿದ್ದಳು. "ವೆರ್ನರ್, ಇಲ್ಲೊಂದಿದೆ ನೋಡು."

ಅವನು ಬಂದ. ಅವಳು ತೋರಿಸಿದ ಎಲೆ ನೋಡಿದ. ಕಂದು ಎಲೆ, ಅದರ ಮೇಲೆ ಇನ್ನೊಂದು ಕಂದು ಕಲೆ. ಮೇಪಲ್ ಎಲೆಗೆ ಆ ಕಾಲದಲ್ಲಿ ಕಲೆ ಬೀಳುವುದುಂಟು. ಕೈಯಲ್ಲಿ ಎತ್ತಿಕೊಂಡು ಸವರಿದರೆ ತಿಳಿಯುತ್ತಿತ್ತು. ಲೆಸ್ಟರ್ ನೋಡುತ್ತಿದ್ದ. ಅವಳು ಇಷ್ಟು ದೂರದಿಂದ ಕಂಡದ್ದನ್ನು ತಾನು ಕಣ್ಣಿಗೊತ್ತಿಕೊಂಡು ನೋಡುವುದು ಹೇಗೆ?

"ಅದು ಎಲೆ ಕಲೆ," ಅಂದ.

"ಹೌದಾ? ಹೊಳೀತಾ ಇದೆ ಅನ್ನಿಸ್ತು."

"ಇಬ್ಬನಿ. ಮೊದಮೊದಲು ಎಲ್ಲಾ ಕಡೆ ನೆತ್ತರೇ ಕಾಣುತ್ತೆ. ನನಗೂ ಹಾಗೇ ಆಗ್ತಿತ್ತು."

ಅವಳು ನಾಚಿಕೊಂಡು ನಕ್ಕಳು. ಆ ನಗು ತನ್ನನ್ನು ಮುಂದಕ್ಕೆ ಬಿಡಲಿಲ್ಲ, ಹಿಂದಕ್ಕೂ ಬಿಡಲಿಲ್ಲ ಎಂದು ವೆರ್ನರ್ ಆಮೇಲೆ ಹೇಳುತ್ತಿದ್ದ. ಅವನು ಮೇಲಿನ ದಿಣ್ಣೆಯ ಕಡೆಗೆ ಕೈ ತೋರಿಸಿದ. ಅಲ್ಲೆಲ್ಲ ಹುಡುಕಿದರು. ಮಧ್ಯಾಹ್ನವಾಗುವಾಗ ಅವನು ಎದ್ದುನಿಂತು, ಮಂಡಿ ಕೊಡವಿಕೊಂಡು, ತೀರ್ಪು ಹೇಳಿದ: "ಎಲುಬಿಗೆ ತಾಗಿ ನಿಂತಿದೆ. ಒಳಗೆ ಹೋಗಿಲ್ಲ. ಕುಂಟುತ್ತೆ, ಆದ್ರೆ ಬದುಕ್ಕೊಳ್ಳುತ್ತೆ."

"ಖಂಡಿತಾ?"

"ಖಂಡಿತ."

ನಮ್ಮ ಕ್ಯಾಂಪಿನ ರೀತಿ ಇದು: ನೆತ್ತರು ಹರಿಸಿ ಪ್ರಾಣಿಯನ್ನು ಕಳೆದುಕೊಂಡವರ ಬೇಟೆ ಆ ವರ್ಷಕ್ಕೆ ಮುಗಿದಂತೆ. ಸರ್ಕಾರದ ಕಾನೂನು ಹಾಗೆ ಹೇಳುವುದಿಲ್ಲ, ನಾವು ಹೇಳುತ್ತೇವೆ. ಚೀಟಿಯನ್ನು ಸೌನಾದ ಒಲೆಗೆ ಹಾಕಬೇಕು, ಮತ್ತು ಕಾಲ ಮುಗಿಯುವವರೆಗೆ ಮಿಕ್ಕವರಿಗಾಗಿ ಆ ಒಲೆಯನ್ನು ಅವರೇ ಉರಿಸಬೇಕು. ನೋರೀನ್ ಯಾರೂ ನೆನಪಿಸುವ ಮೊದಲೇ ಚೀಟಿಯನ್ನು ಬೆಂಕಿಗೆ ಹಾಕಿದಳು. ಯಾರೋ ಒಬ್ಬರು ಬದುಕಿರುವ ಜಿಂಕೆಗೆ ಇಷ್ಟೆಲ್ಲ ಬೇಡ ಎಂದರು. "ಇರಲಿ," ಅಂದಳು. "ನಾನು ತಾನೇ ಹೊಡೆದದ್ದು."

ಮರುದಿನ ಬೆಳಿಗ್ಗೆ ಜೌಗಿನ ಮೇಲೆ ಕಾಡುಕಾಗೆಗಳು ಸುತ್ತುತ್ತಿದ್ದವು. ಲೆಸ್ಟರ್ ನೋಡಲು ಹೋದ. ಬಂದವನು ಬೂಟು ಬಿಚ್ಚದೆ ಒಳಗೆ ನಡೆದು, ಮುರಿದ ಬಾಣದ ಮುಂಭಾಗವನ್ನು ಮೇಜಿನ ಮೇಲಿಟ್ಟ. ಮೂರಲಗಿನ ಮೊನೆ, ಒಂದು ಅಲಗು ಬಾಗಿತ್ತು. ಜಿಂಕೆ ಸೀಡರ್ ಮರಗಳ ಕೆಳಗೆ, ಅವರು ನಿಂತಿದ್ದ ಜಾಗದಿಂದ ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ ಸತ್ತು ಬಿದ್ದಿತ್ತು. ಮೊನೆಯ ತುದಿ ಒಂದು ಶ್ವಾಸಕೋಶವನ್ನು ಅಷ್ಟಿಷ್ಟು ಗೀರಿತ್ತು. ನಿಧಾನವಾಗಿ ಸತ್ತಿರಬೇಕು. ರಾತ್ರಿಯೆಲ್ಲ ಕಯೋಟಿ ಎಂಬ ಸಣ್ಣ ತೋಳಗಳು ತಿಂದಿದ್ದವು. ಮಾಂಸ ಯಾವುದಕ್ಕೂ ಬಾರದು.

ನೋರೀನ್ ಅದನ್ನು ಬಹಳ ಹೊತ್ತು ನೋಡಿದಳು. "ನನ್ನ ಕೈ," ಅಂದಳು. "ಹುಲ್ಲಿನ ಕಟ್ಟಿಗೆ ಹೊಡೆದವಳು ಹುಲ್ಲಿನ ಕಟ್ಟಿಗೇ ಹೊಡೀಬೇಕಿತ್ತು."

"ಎಲ್ಲರಿಗೂ ಆಗುತ್ತಮ್ಮ," ಅಂದ ಲೆಸ್ಟರ್.

"ಎಲ್ಲರಿಗೂ ಆಗಲಿ. ನನಗೆ ಬೇಡ. ಈ ವರ್ಷ ಒಲೆ ಉರಿಸಿ ಮುಗಿಸ್ತೀನಿ, ಆಮೇಲೆ ಬಿಲ್ಲು ಯಾರಿಗಾದ್ರೂ ಕೊಟ್ಟುಬಿಡ್ತೀನಿ."

ಲೆಸ್ಟರ್ ಮೊನೆಯನ್ನು ನೋಡಿದ, ವೆರ್ನರನನ್ನು ನೋಡಿದ, ಬೂಟು ಬಿಚ್ಚಲು ಬಾಗಿದ. ಜೀವನದಲ್ಲೇ ಮೊದಲ ಸಲ ಅವನು ಕೆಣಕುವ ಅವಕಾಶವೊಂದನ್ನು ಬಿಟ್ಟುಕೊಟ್ಟಿದ್ದ. ಅದು ವೆರ್ನರನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಆ ದಿನ ಅವನು ಬಟ್ಟೆ ಬದಲಿಸುವ ನೆವದಲ್ಲಿ ಊರಿನ ಮನೆಗೆ ಹೋದ. ಐರಿಸ್ ಗೆಡ್ಡೆ ಹೆಚ್ಚುತ್ತಿದ್ದಳು. ಫೋನಿನಲ್ಲಿ ತಂಗಿಯಿಂದ ಎಲ್ಲ ಕೇಳಿ ಆಗಿತ್ತು.

"ಎಲೆ ಕಲೆ ಅಂದ್ಯಂತೆ."

ಅವನು ಕುರ್ಚಿಯಲ್ಲಿ ಕುಳಿತ.

"ಅವಳೇ ಹೇಳಿದ್ಲು, ನಿನ್ನೆ, ನಗ್ತಾ. ನೆತ್ತರು ಕಂಡ ಹಾಗಾಯ್ತು, ವೆರ್ನರ್ ಎಲೆ ಕಲೆ ಅಂದ, ನಾನೆಂಥ ಪೆದ್ದಿ ಅಂತ." ಐರಿಸ್ ಚಾಕು ಕೆಳಗಿಟ್ಟಳು. "ಕಂಡಿತ್ತಾ ನಿನಗೆ?"

"ಏನು?"

"ಹನಿಯೋ ಕಲೆಯೋ, ಯಾವುದಾದ್ರೂ ಒಂದು ಕಂಡಿತ್ತಾ?"

"ಇಲ್ಲ."

"ಹಾಗಾದ್ರೆ ಕಾಣಲ್ಲ ಅನ್ನಬೇಕಿತ್ತು. ಎರಡು ವರ್ಷದಿಂದ ಬಡ್ಕೋತಿದೀನಿ. ನಿನ್ನ ಭಯ ನಿನ್ನ ಹತ್ರ ಇಟ್ಕೋ ಅಂತ ಬೇರೆ ಯಾರಿಗೂ ಹೇಳದೆ ಇದ್ದೆ. ಅವಳ ಮೇಲೆ ಹಾಕ್ತೀಯಾ ಅಂದ್ಕೊಂಡಿರಲಿಲ್ಲ." ಮತ್ತೆ ಚಾಕು ತೆಗೆದುಕೊಂಡಳು. "ನಾನು ಹೇಳಲ್ಲ ಅವಳಿಗೆ. ನನ್ನ ಕೈಲಿ ಹೇಳಿಸಿ ತಪ್ಪಿಸ್ಕೋಬೇಡ."

ಮೊನೆಯ ಸಂಗತಿ ಐರಿಸ್‌ಗೂ ಗೊತ್ತಿರಲಿಲ್ಲ. ಅದು ಅವನೊಬ್ಬನಿಗೇ ಗೊತ್ತಿದ್ದದ್ದು. ಮನೆಯಿಂದ ಕ್ಯಾಂಪಿಗೆ ಹೋಗುವ ದಾರಿಯಲ್ಲಿ, ಕೈಯಿಂದಲೇ ಬಲ್ಲ ತಿರುವುಗಳಲ್ಲಿ ತನ್ನ ಪಿಕಪ್ ಗಾಡಿ ಓಡಿಸುತ್ತ, ಅವನು ಲೆಕ್ಕ ಹಾಕಿದ: ಮೊನೆಯದನ್ನು ಮಾತ್ರ ಹೇಳಬಹುದು. ಮೊನೆ ಆರಿಸುವುದರಲ್ಲಿ ಯಾರೂ ತಪ್ಪುತ್ತಾರೆ. ಅಷ್ಟು ಹೇಳಿದರೆ ಅವಳ ಕೈಯ ಮೇಲಿನ ದೂರು ಇಳಿಯುತ್ತದೆ, ಅವಳು ಬಿಲ್ಲನ್ನು ಬಿಡುವುದಿಲ್ಲ. ಕಣ್ಣಿನ ಮಾತು ಅಲ್ಲಿಗೆ ಬರಬೇಕಾಗಿಯೇ ಇಲ್ಲ.

ನೋರೀನ್ ಸೌನಾದ ಮುಂದೆ ಕಟ್ಟಿಗೆ ಸೀಳುತ್ತಿದ್ದಳು. ಅವನು ಸೀಳಿದ ತುಂಡುಗಳನ್ನು ಎತ್ತಿ ಜೋಡಿಸತೊಡಗಿದ.

"ನೀನ್ಯಾಕೆ? ನನ್ನ ಕೆಲಸ ಇದು," ಅಂದಳು.

"ನೋರೀನ್, ಮೊನೆ ತಪ್ಪು. ನಿನ್ನ ಬಿಲ್ಲಿಗೆ ಎರಡಲಗಿನದು ಕೊಡಬೇಕಿತ್ತು. ಅದಾಗಿದ್ರೆ ಆ ಎಲುಬು ಸೀಳಿ ಆಚೆ ಹೋಗ್ತಿತ್ತು. ನಿನ್ನ ಕೈಯಲ್ಲಿ ತಪ್ಪಿಲ್ಲ."

ಅವಳು ಕೊಡಲಿಯನ್ನು ಕೊರಡಿಗೆ ನೆಟ್ಟಳು. "ಲೆಸ್ಟರ್ ಅವತ್ತೇ ಹೇಳಿದ."

"ಹೂಂ."

"ನಿನಗೆ ಗೊತ್ತಿರಲಿಲ್ವಾ?"

ಇಲ್ಲಿ ಗೊತ್ತಿರಲಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಅವನು ಬಾಯಿ ತೆರೆದದ್ದೂ ಅದನ್ನೇ ಹೇಳಲು. ಆದರೆ ಮೊನೆಯ ವಿಷಯದಲ್ಲಿ ತನಗೆ ಗೊತ್ತಿರಲಿಲ್ಲ ಎನ್ನುವ ಮಾತು, ಅವನ ಬಾಯಿಯಿಂದ, ಅಭ್ಯಾಸವಿಲ್ಲದೆ ಹೊರಡಲಿಲ್ಲ.

"ಗೊತ್ತಿತ್ತು."

"ಮತ್ತೆ?"

"ನೆತ್ತರು ಹೆಚ್ಚು ಬೀಳಲಿ ಅಂತ. ನನಗೆ... ಕೆಂಪು ಕಾಣಲ್ಲ ನೋರೀನ್. ಪೊರೆ. ಎರಡು ವರ್ಷ ಆಯ್ತು. ಸಣ್ಣ ಗಾಯ ಆದ್ರೆ ಜಾಡು ಹಿಡಿಯೋಕಾಗಲ್ಲ, ಎಲ್ಲರ ಮುಂದೆ ಗೊತ್ತಾಗಿಬಿಡುತ್ತೆ ಅಂತ."

ಅವಳು ಕೊಡಲಿಯ ಹಿಡಿಯಿಂದ ಕೈ ತೆಗೆದಳು. ಮೊನೆ, ಬಿಲ್ಲು, ಎಲುಬು ಎಲ್ಲವನ್ನೂ ದಾಟಿ ಅವಳ ಮನಸ್ಸು ಎಲ್ಲಿಗೆ ಹೋಗುತ್ತಿದೆ ಎಂಬುದು ಅವನಿಗೆ ಮುಖ ನೋಡಿಯೇ ತಿಳಿಯಿತು.

"ಹಾಗಾದ್ರೆ ಆ ಎಲೆ."

"ಹೂಂ."

"ನಾನು ನೋಡಿದೆ. ಅದು ನೆತ್ತರೇ. ಹೊಳೀತಿತ್ತು. ಇಳಿಜಾರಿಗೆ ಹೋಗ್ತಿತ್ತು, ಜೌಗಿನ ಕಡೆಗೆ." ದನಿ ಏರಲಿಲ್ಲ, ಇನ್ನೂ ತಗ್ಗಿತು. "ಅಲ್ಲೇ ಇತ್ತು ಅದು ಕೆಳಗೆ. ಆಗಿನ್ನೂ ಜೀವ ಇತ್ತೇನೋ. ಇನ್ನೊಂದು ಬಾಣ ಬಿಟ್ಟಿದ್ರೆ ಮುಗೀತಿತ್ತು. ನೀನು ನನ್ನ ಕೈ ಕೆಟ್ಟದು ಅನ್ನಿಸಿದ್ದು ಬೇರೆ. ನನ್ನ ಕಣ್ಣನ್ನ ನಾನೇ ನಂಬದ ಹಾಗೆ ಮಾಡಿದ್ಯಲ್ಲ ವೆರ್ನರ್. ನಾನು ನಕ್ಕೆ ಬೇರೆ! ನಿನ್ನ ಮುಂದೆ ನಾಚಿಕೊಂಡು ನಕ್ಕೆ."

"ತಪ್ಪಾಯ್ತು."

"ನನಗೊಬ್ಬಳಿಗೇ ಹೇಳಿದ್ರೆ ಏನಾಯ್ತು? ಊಟಕ್ಕೆ ಎಲ್ಲರೂ ಬರ್ತಾರೆ. ಅವರಿಗೆ ಹೇಳು."

ಸಂಜೆಯ ಊಟಕ್ಕೆ ಪಾಸ್ಟಿ ಇತ್ತು. ಮಾಂಸ, ಆಲೂಗೆಡ್ಡೆ ತುಂಬಿ ಸುಟ್ಟ ಕಡುಬಿನಂಥದ್ದು, ಐರಿಸ್ ಕಳಿಸಿದ್ದು. ವೆರ್ನರ್ ತಟ್ಟೆಗೆ ಕೈಹಾಕುವ ಮುನ್ನವೇ ಹೇಳಿದ. ಮೊನೆಯದನ್ನು ಹೇಳಿದ, ಕಣ್ಣಿನದನ್ನು ಹೇಳಿದ, ಎಲೆಯದನ್ನು ಹೇಳಿದ. ಚೆನ್ನಾಗಿ ಹೇಳಲಿಲ್ಲ, ಮಾತು ತಡವರಿಸಿತು, ಒಂದನ್ನೇ ಎರಡು ಸಲ ಹೇಳಿದ. ಕೊನೆಗೆ ಜೇಬಿನಿಂದ ತನ್ನ ಚೀಟಿ ತೆಗೆದು ಒಲೆಯ ಬಾಗಿಲು ತೆರೆದು ಒಳಗಿಟ್ಟ.

"ಅದರಿಂದ ಏನಾಗುತ್ತೆ?" ಅಂದಳು ನೋರೀನ್. "ಕಾಗದ ಅದು. ಕಣ್ಣು ತೋರಿಸ್ಕೋ."

ಯಾರೂ ನಗಲಿಲ್ಲ. ನಾವು ಬೈಯಬಹುದಿತ್ತು, ಸಮಾಧಾನ ಹೇಳಬಹುದಿತ್ತು. ಪಾಸ್ಟಿಯ ತಟ್ಟೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದೆವು. ಆಗ ಲೆಸ್ಟರ್ ಕೇಳಿದ, ಅವನ ಎಂದಿನ ದನಿಯೇ ಅಲ್ಲದ ಒಂದು ದನಿಯಲ್ಲಿ:

"ಹೋದ ವರ್ಷ ನನ್ನದು?"

ಹೋದ ವರ್ಷ ಲೆಸ್ಟರ್ ಒಂದು ದೊಡ್ಡ ಗಂಡಿಗೆ ಹೊಡೆದಿದ್ದ. ತೊರೆ ದಾಟಿದ ಮೇಲೆ ಜಾಡು ಸಿಗಲಿಲ್ಲ. ಬಾಣ ಬೆನ್ನಿನ ಮಾಂಸವನ್ನಷ್ಟೇ ಸವರಿ ಹೋಗಿದೆ, ಗಾಯ ವಾರದಲ್ಲಿ ಮಾಯುತ್ತದೆ ಎಂದು ವೆರ್ನರ್ ಹೇಳಿದ್ದ. ಲೆಸ್ಟರ್ ಆ ಮಾತಿನ ಮೇಲೆ ಒಂದು ಚಳಿಗಾಲ ನೆಮ್ಮದಿಯಾಗಿ ಮಲಗಿದ್ದ.

"ಗೊತ್ತಿಲ್ಲ," ಅಂದ ವೆರ್ನರ್.

"ಗೊತ್ತಿಲ್ಲ ಅಂದ್ರೆ?"

"ನನಗೆ ಕಾಣಲಿಲ್ಲ ಲೆಸ್ಟರ್. ಇರಲಿಲ್ವೋ, ಕಾಣಲಿಲ್ವೋ, ನನಗೆ ಗೊತ್ತಿಲ್ಲ."

ಲೆಸ್ಟರ್ ತಟ್ಟೆಯನ್ನು ಹಿಂದಕ್ಕೆ ಸರಿಸಿ ಹೊರಗೆ ಹೋಗಿ ನಿಂತ. ಒಳಗೆ ಬಂದಾಗ ಇಷ್ಟೇ ಹೇಳಿದ: "ತೊರೆ ಆಚೆ ಎಲ್ಲಿ ಬಿಟ್ವಿ ಅಂತ ನನಗೆ ನೆನಪಿದೆ. ಬೆಳಿಗ್ಗೆ ಹೋಗೋಣ. ನೋರೀನ್, ನೀನೂ ಬಾ. ನೀನು ಮುಂದೆ."

ಹೋದರು. ಒಂದು ವರ್ಷದ ಹಿಂದಿನ ಎಲುಬುಗಳನ್ನು ಹುಡುಕಲು ನೋರೀನ್ ತೊರೆಯಾಚೆಯ ಪೊದೆಗಳ ಕೆಳಗೆ ಬಾಗಿ ನಡೆದಳು, ಲೆಸ್ಟರ್ ಅವಳ ಬಲಕ್ಕೆ, ವೆರ್ನರ್ ಹಿಂದೆ. ಒಂದು ಮೊಲದ ತಲೆಬುರುಡೆ ಸಿಕ್ಕಿತು. ಎಂದೋ ಯಾರೋ ಎಸೆದ ತವರದ ಡಬ್ಬಿ ಸಿಕ್ಕಿತು. ಮಧ್ಯಾಹ್ನದವರೆಗೆ ಹುಡುಕಿದರು. ವೆರ್ನರ್ ಆ ಹೊತ್ತಿನಲ್ಲಿ ತಾನು ಬಯಸುತ್ತಿದ್ದುದು ಏನೆಂಬುದನ್ನು ಅರಿತು ಬೆಚ್ಚಿದ: ಎಲುಬು ಸಿಗಲಿ ಎಂದು ಬಯಸುತ್ತಿದ್ದ. ಸಿಕ್ಕರೆ, ಹೌದು, ಇದನ್ನೂ ನಾನೇ ಕೊಂದೆ ಎಂದು ಹೊತ್ತುಕೊಳ್ಳಬಹುದು. ಸಿಗದಿದ್ದರೆ ಹೊತ್ತುಕೊಳ್ಳಲು ಯಾವುದೂ ಇಲ್ಲ, ಇಳಿಸಿಡಲೂ ಇಲ್ಲ.

"ಸಿಗಲಿಲ್ಲ ಅಂದ ಮಾತ್ರಕ್ಕೆ ಬದುಕಿತ್ತು ಅಂತಲ್ಲ," ಅಂದ ಲೆಸ್ಟರ್ ವಾಪಸ್ಸು ಬರುವಾಗ. ಕುಹಕವಿಲ್ಲದೆ ಹೇಳಿದ.

ಆ ಶರತ್ಕಾಲ ಮುಗಿಯುವಷ್ಟರಲ್ಲಿ ಕ್ಯಾಂಪಿನ ಬೇರೆಯವರೂ ಒಬ್ಬೊಬ್ಬರಾಗಿ ಅವನ ಬಳಿ ಬಂದರು, ಎರಡು ವರ್ಷದಲ್ಲಿ ತಾವು ಕಳೆದುಕೊಂಡ ಪ್ರಾಣಿಯ ಬಗ್ಗೆ ಕೇಳಿದರು. ಆ ಹೆಣ್ಣು ಜಿಂಕೆ? ಸೇತುವೆಯ ಹತ್ತಿರದ್ದು? ಅವನು ಎಲ್ಲರಿಗೂ ಗೊತ್ತಿಲ್ಲ ಎಂದ. ಕೇಳಿದವರು ಜಗಳಾಡಲಿಲ್ಲ. ನಾಯಿ ಎನ್ನುವುದನ್ನು ಬಿಟ್ಟರು. ವೆರ್ನರ್ ಎಂದೇ ಕರೆಯತೊಡಗಿದರು, ಬಹಳ ಮರ್ಯಾದೆಯಿಂದ.

ಹಿಮ ಬಿದ್ದ ಮೇಲೆ ಆಪರೇಷನ್ ಆಯಿತು. ಡಾಕ್ಟರು ಹೇಳಿದಂತೆಯೇ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮನೆ. ಪಟ್ಟಿ ಬಿಚ್ಚಿದಾಗ ಐರಿಸ್‌ಳ ಸ್ವೆಟರ್ ಕೆಂಪಗಿತ್ತು, ಎಷ್ಟು ಕೆಂಪಗೆಂದರೆ ಅವನು ಕಣ್ಣು ಮುಚ್ಚಿಕೊಂಡ. "ನೋಯುತ್ತಾ?" ಎಂದು ಅವಳು ಕೇಳಿದಳು. ಇಲ್ಲ ಎಂದ. ಇಷ್ಟು ಸುಲಭವಾಗಿತ್ತು ಎಂಬುದು, ಇಷ್ಟು ಸುಲಭವಾದದ್ದಕ್ಕೆ ತಾನು ಹೆದರಿದ್ದೆ ಎಂಬುದು, ಅವನು ಅವಳಿಗೆ ಹೇಳದೆ ಉಳಿಸಿಕೊಂಡ ಮಾತು.

ಮರುವರ್ಷ ನೋರೀನ್ ಬಿಲ್ಲನ್ನು ಯಾರಿಗೂ ಕೊಡದೆ ಮತ್ತೆ ಬಂದಳು, ತನ್ನ ಮೊನೆಗಳನ್ನು ತಾನೇ ಆರಿಸಿಕೊಂಡಳು. ಎರಡಲಗಿನವು, ಕಿರಿದು, ಉದ್ದ. ಅವನನ್ನು ಕೇಳಲಿಲ್ಲ, ಲೆಸ್ಟರನನ್ನೂ ಕೇಳಲಿಲ್ಲ. ಬೇಟೆಯ ಕಾಲದ ಎರಡನೆಯ ವಾರ ಒಂದು ಗಂಡಿಗೆ ಹೊಡೆದಳು. ಬಾಣ ಈ ಬದಿಯಿಂದ ಹೊಕ್ಕು ಆ ಬದಿಯಿಂದ ಹೊರಬಿದ್ದಿತ್ತು. ಜಾಡು ಹಿಡಿಯಲು ಯಾರನ್ನೂ ಕರೆಯದೆ, ಒಬ್ಬಳೇ ಕಾಗದ ನೇತುಹಾಕುತ್ತ ಹೋಗಿ, ಹೊತ್ತು ಏರುವ ಮೊದಲೇ ಎಳೆದು ತಂದಳು. ವೆರ್ನರ್ ಆಗ ಕ್ಯಾಂಪಿನಲ್ಲೇ, ಒಲೆಯ ಬಳಿಯೇ ಇದ್ದ.

ಜಾಡು ಹಿಡಿದವರಿಗೆ ಪ್ರಾಣಿಯ ಹೃದಯ ಕೊಡುವುದು ನಮ್ಮಲ್ಲಿ ವಾಡಿಕೆ; ಇಷ್ಟು ವರ್ಷ ಅದು ಹೆಚ್ಚಾಗಿ ವೆರ್ನರನ ಪಾಲು. ನ್ಯಾಯವಾಗಿಯೇ ನೋರೀನ್ ಅದನ್ನು ತಾನಿಟ್ಟುಕೊಂಡಳು. ಅಕ್ಕನ ಮನೆಗೆ ಮುಂಗಾಲಿನ ಮಾಂಸ ಕಳಿಸಿದಳು, ನೆಂಟರಿಗೆ, ನೆರೆಯವರಿಗೆ ಕಳಿಸುವ ಪಾಲು. ಐರಿಸ್ ಅದನ್ನು ಈರುಳ್ಳಿಯ ಜೊತೆ ನಿಧಾನ ಉರಿಯಲ್ಲಿ ಬೇಯಿಸಿ ಬಡಿಸಿದಳು.

"ಗಟ್ಟಿ ಇದೆಯಾ?"

"ಇಲ್ಲ. ಚೆನ್ನಾಗಿ ಬೆಂದಿದೆ," ಅಂದ ವೆರ್ನರ್, ಮತ್ತು ಹಾಕಿದ್ದಷ್ಟನ್ನೂ ತಿಂದ.